ಹೋಸ್ಟ್ ಬದಲಿಸುವಾಗ ಜಾಲತಾಣ ನಿಲ್ಲದಂತೆ ಡಿಎನ್‌ಎಸ್ ತಿದ್ದುವುದು ಹೇಗೆ?

ಬದಿಯಡ್ಕ ಓದುಗ:
ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಸಮೀಪದ ನಮ್ಮ ಕನ್ನಡ ಗ್ರಂಥಾಲಯದ ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಈಗಿನ ಹೋಸ್ಟಿಂಗ್ ಅವಧಿ ತಿಂಗಳ ಕೊನೆಗೆ ಮುಗಿಯುವುದರಿಂದ ತಾಣವನ್ನು ಬೇರೊಂದು ಸಂಸ್ಥೆಯ ಸರ್ವರ್‌ಗೆ ಸಾಗಿಸಬೇಕಾಗಿದೆ. ಆದರೆ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ನಡೆಸುವ ಪ್ರಬಂಧ ಸ್ಪರ್ಧೆಯ ನೋಂದಣಿ ಇದೇ ತಾಣದಲ್ಲಿ ನಡೆಯುತ್ತಿದೆ. ಗಲ್ಫ್‌ನಲ್ಲಿರುವ ಹೆತ್ತವರು ಅಲ್ಲಿಂದಲೇ ಅರ್ಜಿ ತುಂಬುವುದರಿಂದ, ರಾತ್ರಿ ಹೊತ್ತು ತಾಣವನ್ನು ನಿಲ್ಲಿಸೋಣವೆಂದರೂ ಆಗುವುದಿಲ್ಲ.

ನಮ್ಮದು ಡಾಟ್ ಕಾಮ್ ಡೊಮೈನ್. ಡಿಎನ್‌ಎಸ್ (ಡೊಮೈನ್ ಹೆಸರಿಗೆ ಸರ್ವರ್‌ನ ಐಪಿ ವಿಳಾಸ ಯಾವುದೆಂದು ತಿಳಿಸುವ ವ್ಯವಸ್ಥೆ) ಇರುವುದು ಹಳೆಯ ಹೋಸ್ಟ್‌ನವರ ನೇಮ್‌ಸರ್ವರ್‌ನಲ್ಲಿ (ಆ ಉತ್ತರ ಕೊಡುವ ಸರ್ವರ್), ಟಿಟಿಎಲ್ (ಆ ಉತ್ತರವನ್ನು ಇತರರು ನೆನಪಿಟ್ಟುಕೊಳ್ಳುವ ಅವಧಿ) 86,400 ಸೆಕೆಂಡು, ಅಂದರೆ ಒಂದು ದಿನ ಎಂದಿದೆ. ಇಮೇಲ್ ಸೇವೆ ಬೇರೆಯವರದ್ದು, ಆದರೆ ವಿಳಾಸಗಳು ಇದೇ ಡೊಮೈನ್‌ನಲ್ಲಿವೆ. ಹೊಸ ಹೋಸ್ಟ್‌ನವರು ನೇಮ್‌ಸರ್ವರ್ ಬದಲಿಸಿ 48 ಗಂಟೆ ಕಾಯಬೇಕೆಂದು ತಿಳಿಸಿದ್ದಾರೆ. ಆ 48 ಗಂಟೆಗಳಲ್ಲಿ ಬಂದ ಅರ್ಜಿಗಳು ಯಾವ ಸರ್ವರ್‌ಗೆ ಸೇರುತ್ತವೆ? ಒಂದೂ ಅರ್ಜಿ ಕಳೆದುಹೋಗದಂತೆ ಈ ಕೆಲಸ ಮಾಡಲು ಸಾಧ್ಯವೇ?

ಉಪ್ಪಳ ಸರ್ವರ್ ನಿರ್ವಾಹಕ:
ಸಾಧ್ಯವಿದೆ ಸರ್. ಆದರೆ ನೇಮ್‌ಸರ್ವರನ್ನೂ ತಾಣದ ವಿಳಾಸವನ್ನೂ ಒಟ್ಟಿಗೆ ಬದಲಿಸಬೇಡಿ. ಇವು ಎರಡು ಬೇರೆ ಕೆಲಸಗಳು. ಒಂದು ಪೂರ್ತಿಯಾದ ಮೇಲೆ ಇನ್ನೊಂದಕ್ಕೆ ಕೈ ಹಾಕಿದರೆ ತಾಣ ನಿಲ್ಲುವ ಪ್ರಸಂಗವೇ ಬರುವುದಿಲ್ಲ.

ಅವರು ಹೇಳಿದ 48 ಗಂಟೆಗೆ ಕಾರಣವಿದೆ. ಒಂದು ಡೊಮೈನ್‌ನ ನೇಮ್‌ಸರ್ವರ್‌ಗಳು ಯಾವುವೆಂದು ಡಾಟ್ ಕಾಮ್‌ನ ಮೇಲಿನ ಹಂತದ ಸರ್ವರ್‌ಗಳು ಕೊಡುವ ಉತ್ತರಕ್ಕೆ 1,72,800 ಸೆಕೆಂಡುಗಳ ಟಿಟಿಎಲ್ ಇರುತ್ತದೆ, ಅಂದರೆ ಎರಡು ದಿನ. ಈ ಸಂಖ್ಯೆಯನ್ನು ನೀವು ಕಡಿಮೆ ಮಾಡಲಾರಿರಿ. ಆ ಎರಡು ದಿನಗಳಲ್ಲಿ ಕೆಲವರ ಇಂಟರ್ನೆಟ್ ಸೇವೆಯವರು ಹಳೆಯ ನೇಮ್‌ಸರ್ವರನ್ನೂ ಕೆಲವರ ಸೇವೆಯವರು ಹೊಸದನ್ನೂ ಕೇಳುತ್ತಿರುತ್ತಾರೆ. ಎರಡೂ ಕಡೆ ಒಂದೇ ಉತ್ತರ ಸಿಗುವಂತಿದ್ದರೆ ಯಾರು ಯಾರನ್ನು ಕೇಳಿದರೂ ತೊಂದರೆಯಿಲ್ಲ.

ಆದ್ದರಿಂದ ಮೊದಲು ಡಿಎನ್‌ಎಸ್ ಒಂದನ್ನೇ ಸಾಗಿಸಿ. ಡೊಮೈನ್ ಖರೀದಿಸಿದ ಸಂಸ್ಥೆಯ ಡಿಎನ್‌ಎಸ್ ಸೇವೆಯಾದರೂ ಆಗಬಹುದು, ಕ್ಲೌಡ್‌ಫ್ಲೇರ್‌ನಂತಹ ಪ್ರತ್ಯೇಕ ಸೇವೆಯಾದರೂ ಆಗಬಹುದು. ಹೋಸ್ಟಿಂಗ್‌ನೊಂದಿಗೆ ಅಂಟಿಕೊಂಡಿರಬಾರದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಅಂಟಿಕೊಂಡಿದ್ದರೆ ಮುಂದಿನ ಸಲವೂ ಇದೇ ಪಾಡು. ಅಲ್ಲಿ ಹಳೆಯ ರೆಕಾರ್ಡುಗಳನ್ನೆಲ್ಲ ಇದ್ದದ್ದು ಇದ್ದಂತೆಯೇ ನಕಲು ಮಾಡಿ, ತಾಣದ ಐಪಿ ವಿಳಾಸ ಹೇಳುವ ಎ ರೆಕಾರ್ಡ್ ಹಳೆಯ ಸರ್ವರ್‌ನ ಐಪಿಯನ್ನೇ ತೋರಿಸುತ್ತಿರಲಿ, ಅದರ ಟಿಟಿಎಲ್ ಮಾತ್ರ 300 ಸೆಕೆಂಡು ಆಗಲಿ. ಇಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡುಗಳನ್ನೂ, ಮೇಲ್ ನಿಜವಾಗಿ ನಿಮ್ಮದೇ ಎಂದು ದೃಢಪಡಿಸುವ ಎಸ್‌ಪಿಎಫ್, ಡಿಕಿಮ್‌ಗೆ ಸಂಬಂಧಿಸಿದ ಟಿಎಕ್ಸ್‌ಟಿ ರೆಕಾರ್ಡುಗಳನ್ನೂ ಅಕ್ಷರಶಃ ಹೋಲಿಸಿ ನೋಡಿ. ತಾಣ ತೆರೆಯದಿದ್ದರೆ ಐದು ನಿಮಿಷದಲ್ಲಿ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಮೇಲ್ ಬಾರದಿದ್ದರೆ ವಾರ ಕಳೆದರೂ ಯಾರಿಗೂ ತಿಳಿಯದಿರಬಹುದು. ಡಿಎನ್‌ಎಸ್‌ಸೆಕ್ (ಡಿಎನ್‌ಎಸ್ ಉತ್ತರಗಳಿಗೆ ಸಹಿ ಹಾಕಿ ಖಾತ್ರಿಪಡಿಸುವ ವ್ಯವಸ್ಥೆ) ಸಕ್ರಿಯವಾಗಿದ್ದರೆ, ಆ ಸಹಿಯ ಗುರುತಾಗಿ ಡಾಟ್ ಕಾಮ್‌ನ ಸರ್ವರ್‌ಗಳಲ್ಲಿರುವ ಡಿಎಸ್ ರೆಕಾರ್ಡನ್ನು ಮುಂಚಿತವಾಗಿ ತೆಗೆಸಿ, ಅದರ ಟಿಟಿಎಲ್ ಮುಗಿದ ಬಳಿಕವೇ ನೇಮ್‌ಸರ್ವರ್ ಬದಲಿಸಿ. ಬದಲಿಸಿದ ಮೇಲೆ ಮೂರು ದಿನ ಏನನ್ನೂ ಮುಟ್ಟಬೇಡಿ.

ಅಷ್ಟು ಹೊತ್ತಿಗೆ ಹಳೆಯ 86,400ರ ನೆನಪು ಎಲ್ಲೆಡೆ ಅಳಿದಿರುತ್ತದೆ. ಅನಂತರ ಎ ರೆಕಾರ್ಡಿನಲ್ಲಿ ಹೊಸ ಐಪಿ ಬರೆದರೆ ಬಹುತೇಕ ಎಲ್ಲರೂ ಕೆಲವೇ ನಿಮಿಷಗಳಲ್ಲಿ ಹೊಸ ಸರ್ವರ್‌ಗೆ ಬರುತ್ತಾರೆ. ತಿಂಗಳ ಕೊನೆಯ ಗಡುವಿನೊಳಗೆ ಇದನ್ನೆಲ್ಲ ತುರುಕಬೇಡಿ. ಹಳೆಯ ಹೋಸ್ಟಿಂಗನ್ನು ಇನ್ನೊಂದು ತಿಂಗಳಿಗೆ ನವೀಕರಿಸಿಕೊಳ್ಳಿ.

ಮುಳ್ಳೇರಿಯ ವೆಬ್:
ಮೇಲಿನ ಸಲಹೆ ಸರಿಯಾಗಿದೆ. ಅರ್ಜಿಗಳ ಪ್ರಶ್ನೆ ಮಾತ್ರ ಉಳಿಯಿತು. 300 ಸೆಕೆಂಡುಗಳ ಆ ಅವಧಿಯಲ್ಲಿಯೂ, ಟಿಟಿಎಲನ್ನು ಲೆಕ್ಕಿಸದ ಕೆಲವು ಜಾಲಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು, ಎರಡು ಡೇಟಾಬೇಸ್‌ಗಳಿಗೆ ಅರ್ಜಿಗಳು ಹಂಚಿಹೋಗಬಹುದು.

ಇದಕ್ಕೆ ನಾನು ಸೂಚಿಸುವುದು ನೋಂದಣಿಯ ನಮೂನೆಯನ್ನು ಮೊದಲೇ ಬೇರೊಂದು ಉಪಡೊಮೈನ್‌ಗೆ (ನಿಮ್ಮ ಡೊಮೈನಿನ ಮೊದಲಿಗೆ ಇನ್ನೊಂದು ಪದ ಸೇರಿಸಿದ ಹೆಸರು) ಒಯ್ಯುವುದನ್ನು. ಹೊಸ ಉಪಡೊಮೈನ್ ಆರಂಭದಿಂದಲೇ ಹೊಸ ಸರ್ವರನ್ನು ತೋರಿಸಲಿ. ಇದುವರೆಗೆ ಇಲ್ಲದ ಹೆಸರಾದುದರಿಂದ ಯಾರ ಬಳಿಯೂ ಅದರ ಹಳೆಯ ಐಪಿ ಉಳಿದಿರುವುದಿಲ್ಲ. ರೆಕಾರ್ಡ್ ಬರೆಯುವ ಮೊದಲೇ ಕುತೂಹಲದಿಂದ ಆ ಹೆಸರನ್ನು ಬ್ರೌಸರ್‌ನಲ್ಲಿ ತೆರೆಯಲು ಹೋಗಬೇಡಿ, ಏಕೆಂದರೆ ‘ಅಂತಹ ಹೆಸರಿಲ್ಲ’ ಎಂಬ ಉತ್ತರವೂ ಸ್ವಲ್ಪ ಹೊತ್ತು ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಹಳೆಯ ತಾಣದ ನೋಂದಣಿ ಪುಟದಿಂದ ಅಲ್ಲಿಗೆ ರೀಡೈರೆಕ್ಟ್ ಕೊಟ್ಟು, ಹಳೆಯ ನಮೂನೆ ಅರ್ಜಿ ಸ್ವೀಕರಿಸುವುದನ್ನು ನಿಲ್ಲಿಸಿದರೆ ಹಳೆಯ ಡೇಟಾಬೇಸ್ ಸ್ತಬ್ಧವಾಗುತ್ತದೆ. ಅದನ್ನು ನಿಧಾನವಾಗಿ ಹೊಸದಕ್ಕೆ ಸೇರಿಸಬಹುದು. ನೋಂದಣಿ ಸಂಖ್ಯೆಗಳು ಒಂದರ ಮೇಲೊಂದು ಬೀಳದಂತೆ ಹೊಸ ಸರ್ವರ್‌ನಲ್ಲಿ 5001ರಂತಹ ದೊಡ್ಡ ಸಂಖ್ಯೆಯಿಂದ ಆರಂಭಿಸಿ.

ಉಳಿದ ಪುಟಗಳನ್ನು ಪರೀಕ್ಷಿಸಲು ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಕಡತದಲ್ಲಿ ಡೊಮೈನ್ ಹೆಸರಿನ ಮುಂದೆ ಹೊಸ ಐಪಿ ಬರೆದುಕೊಳ್ಳಿ. ಲೋಕಕ್ಕೆಲ್ಲ ಹಳೆಯ ತಾಣ ಕಾಣುತ್ತಿರುವಾಗ ನಿಮಗೊಬ್ಬರಿಗೆ ಹೊಸದು ತೆರೆಯುತ್ತದೆ.

ಬದಿಯಡ್ಕ ಓದುಗ:
ಉಪಡೊಮೈನಿನ ಉಪಾಯ ನಮಗೆ ಬಹಳ ಅನುಕೂಲವಾಗುತ್ತದೆ, ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ: ಹೊಸ ಸರ್ವರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯಿಂದ ಪ್ರಮಾಣಪತ್ರ (ತಾಣ ಸುರಕ್ಷಿತವೆಂದು ಬ್ರೌಸರ್‌ಗೆ ತೋರಿಸುವಂಥದ್ದು) ಪಡೆಯಲು ಪ್ರಯತ್ನಿಸಿದಾಗ ಮುಖ್ಯ ಡೊಮೈನ್‌ಗೆ ಅದು ನಿರಾಕರಿಸಲ್ಪಟ್ಟಿತು. ಐಪಿ ಬದಲಿಸಿದ ಮೇಲೆಯೇ ಪಡೆಯಬೇಕೆಂದಾದರೆ ನಡುವೆ ಬಂದವರಿಗೆ ಬ್ರೌಸರ್ ಎಚ್ಚರಿಕೆ ತೋರಿಸುವುದಿಲ್ಲವೇ?

ಉಪ್ಪಳ ಸರ್ವರ್ ನಿರ್ವಾಹಕ:
ಖಂಡಿತ ತೋರಿಸುತ್ತದೆ, ಹಾಗಾಗಿ ಮೊದಲೇ ಪಡೆಯಬೇಕು. ಸಾಮಾನ್ಯ ವಿಧಾನದಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನವರು ಡೊಮೈನ್ ತೋರಿಸುವ ಸರ್ವರ್‌ನಲ್ಲಿ ಒಂದು ಕಡತವನ್ನು ಹುಡುಕುತ್ತಾರೆ, ಅದು ಈಗ ಹಳೆಯ ಸರ್ವರ್. ಡಿಎನ್‌ಎಸ್ ಮೂಲಕ ಪರಿಶೀಲಿಸುವ ವಿಧಾನವನ್ನು ಆರಿಸಿ, ಅವರು ಕೊಟ್ಟ ಟಿಎಕ್ಸ್‌ಟಿ ರೆಕಾರ್ಡನ್ನು ಸೇರಿಸಿದರೆ ತಾಣ ಎಲ್ಲಿದ್ದರೂ ಪ್ರಮಾಣಪತ್ರ ಸಿಗುತ್ತದೆ. ಹಳೆಯ ಪ್ರಮಾಣಪತ್ರವನ್ನೂ ಅದರ ಖಾಸಗಿ ಕೀಲಿಯನ್ನೂ ನಕಲು ಮಾಡಿಕೊಳ್ಳುವುದೂ ಆದೀತು, ಹಳೆಯ ಹೋಸ್ಟ್‌ನವರು ಕೀಲಿಯನ್ನು ನೋಡಲು ಬಿಟ್ಟರೆ.

ಪೆರ್ಲ ನಿವಾಸಿ:
ಒಂದು ಸೇರ್ಪಡೆ. ನಿಮ್ಮ ರೆಕಾರ್ಡುಗಳಲ್ಲಿ ಎಎಎಎ (ಹೊಸ ಬಗೆಯ, ಅಂದರೆ ಐಪಿವಿ6 ವಿಳಾಸ ಹೇಳುವ ರೆಕಾರ್ಡ್) ಇದೆಯೇ ಎಂದು ನೋಡಿ. ಎ ರೆಕಾರ್ಡನ್ನು ಮಾತ್ರ ಬದಲಿಸಿ ಇದನ್ನು ಹಾಗೆಯೇ ಬಿಟ್ಟರೆ, ಐಪಿವಿ6 ಬಳಸುವ ಮೊಬೈಲ್ ಜಾಲದವರೆಲ್ಲ ಹಳೆಯ ಸರ್ವರ್‌ಗೇ ಹೋಗುತ್ತಿರುತ್ತಾರೆ. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಐಪಿವಿ6 ಇಲ್ಲದ ನಿಮಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಹೊಸ ಹೋಸ್ಟ್‌ನಲ್ಲಿ ಐಪಿವಿ6 ಇಲ್ಲದಿದ್ದರೆ ಆ ರೆಕಾರ್ಡನ್ನು ಅಳಿಸಿಬಿಡಿ.

ಹಳೆಯ ಸರ್ವರನ್ನು ಯಾವಾಗ ಮುಚ್ಚಬಹುದೆಂಬುದನ್ನು ಅದರ ಲಾಗ್ ಕಡತ ನೋಡಿ ತೀರ್ಮಾನಿಸಿ. ಬಾಟ್‌ಗಳು ಬಹಳ ದಿನ ಹಳೆಯ ಐಪಿಗೆ ಬರುತ್ತಲೇ ಇರುತ್ತವೆ, ಅವನ್ನು ಗಣಿಸಬೇಕಾಗಿಲ್ಲ. ಓದುಗರ ಭೇಟಿ ನಿಂತು ಒಂದು ವಾರವಾದ ಬಳಿಕ ಮುಚ್ಚಿ, ಟಿಟಿಎಲನ್ನು 3,600ಕ್ಕೆ ಏರಿಸಿ.