ಎಚ್‌ಐವಿ ವೈರಲ್ ಲೋಡ್ ಪತ್ತೆಯಾಗದ ಮಟ್ಟಕ್ಕೆ ಇಳಿದ ಮೇಲೂ ಎಆರ್‌ಟಿ ಮಾತ್ರೆ ಏಕೆ ಬೇಕು?

ಪ್ರಶ್ನೆ

ಮೂರು ವರ್ಷಗಳಿಂದ ಟೆನೊಫೋವಿರ್, ಲ್ಯಾಮಿವುಡಿನ್ ಮತ್ತು ಡೊಲುಟೆಗ್ರಾವಿರ್ ಒಟ್ಟಿಗಿರುವ ಎಆರ್‌ಟಿ (ಎಚ್‌ಐವಿಯನ್ನು ಅದುಮಿಡುವ ಚಿಕಿತ್ಸೆ) ಮಾತ್ರೆಯನ್ನು ದಿನಕ್ಕೊಂದರಂತೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ನಾಲ್ಕು ವರದಿಗಳಲ್ಲೂ ವೈರಲ್ ಲೋಡ್ (ರಕ್ತದಲ್ಲಿರುವ ವೈರಾಣುವಿನ ಪ್ರಮಾಣ) ‘ಪತ್ತೆಯಾಗಿಲ್ಲ’ ಎಂದೇ ಇದೆ. ನನ್ನ ಪರಿಚಿತರೊಬ್ಬರು ಹೆಪಟೈಟಿಸ್ ಸಿ ಸೋಂಕಿಗೆ 12 ವಾರ ಮಾತ್ರೆ ನುಂಗಿ, ಪೂರ್ಣ ಗುಣವಾಗಿದೆ ಎಂದು ವೈದ್ಯರಿಂದ ಹೇಳಿಸಿಕೊಂಡರು. ಅದೂ ವೈರಾಣು, ಇದೂ ವೈರಾಣು. ನನಗೇಕೆ ಆ ಬಿಡುಗಡೆ ಇಲ್ಲ? ರಾತ್ರಿ ಒಂಬತ್ತಕ್ಕೆ ಮೊಬೈಲಿನ ಅಲಾರಂ ಬಡಿದುಕೊಂಡಾಗಲೆಲ್ಲ ಇದೇ ಯೋಚನೆ.

ಉತ್ತರ 1

ವ್ಯತ್ಯಾಸವಿರುವುದು ಅವು ಎಲ್ಲಿ ನೆಲೆಸುತ್ತವೆ ಎಂಬುದರಲ್ಲಿ. ಹೆಪಟೈಟಿಸ್ ಸಿ ವೈರಾಣು ಯಕೃತ್ತಿನ ಕೋಶದ ನ್ಯೂಕ್ಲಿಯಸ್‌ನೊಳಗೆ ಹೋಗುವುದೂ ಇಲ್ಲ, ಡಿಎನ್‌ಎ ರೂಪ ತಾಳುವುದೂ ಇಲ್ಲ; ಆದ್ದರಿಂದ ಅದರ ನಕಲು ತಯಾರಿ ನಿಂತರೆ ಉಳಿದದ್ದು ತಾನಾಗಿ ಸವೆದು ಹೋಗುತ್ತದೆ. ಎಚ್‌ಐವಿಯಾದರೋ ತನ್ನ ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಬರೆದುಕೊಂಡು, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನಮ್ಮ ಸಿಡಿ4 ಕೋಶಗಳ ಡಿಎನ್‌ಎಯೊಳಗೇ ಹೊಲಿದುಕೊಂಡುಬಿಡುತ್ತದೆ. ಅಂಥ ಕೆಲವು ಕೋಶಗಳು ವರ್ಷಗಟ್ಟಲೆ ನಿದ್ರಿಸುತ್ತವೆ. ನಿಮ್ಮ ಮಾತ್ರೆ ಹೊಸ ಕೋಶಗಳಿಗೆ ಸೋಂಕು ತಗುಲದಂತೆ ತಡೆಯುತ್ತದೆಯೇ ಹೊರತು ಮಲಗಿರುವುದನ್ನು ಮುಟ್ಟುವುದಿಲ್ಲ. ವರದಿಯೂ ರಕ್ತದಲ್ಲಿ ತೇಲುವ ವೈರಾಣುವನ್ನಷ್ಟೇ ಎಣಿಸುತ್ತದೆ. ಮಾತ್ರೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ವೈರಾಣು ಮರಳುತ್ತದೆ.

ಬಿಟ್ಟು ಬಿಟ್ಟು ತೆಗೆದುಕೊಳ್ಳುವ ಉಪಾಯವನ್ನೂ ಪರೀಕ್ಷಿಸಿ ನೋಡಲಾಗಿದೆ. 5,472 ಮಂದಿಯಿದ್ದ ‘ಸ್ಮಾರ್ಟ್’ ಅಧ್ಯಯನದಲ್ಲಿ, ಸಿಡಿ4 ಎಣಿಕೆ ನೋಡಿಕೊಂಡು ಔಷಧ ನಿಲ್ಲಿಸುತ್ತಿದ್ದವರಲ್ಲಿ ಸಾವು ಮತ್ತು ಹೃದಯ, ಮೂತ್ರಪಿಂಡ, ಯಕೃತ್ತಿನ ತೊಂದರೆಗಳು ಹೆಚ್ಚಾಗಿ ಕಂಡದ್ದರಿಂದ 2006ರಲ್ಲಿ ಆ ಪ್ರಯೋಗವನ್ನೇ ಅವಧಿಗೆ ಮುನ್ನ ಕೈಬಿಡಬೇಕಾಯಿತು.

ಉತ್ತರ 2

ಇನ್ನೊಂದು ಅಪಾಯವನ್ನು ಯಾರೂ ಹೇಳಿದಂತಿಲ್ಲ. ಟೆನೊಫೋವಿರ್ ಮತ್ತು ಲ್ಯಾಮಿವುಡಿನ್ ಹೆಪಟೈಟಿಸ್ ಬಿ ವೈರಾಣುವನ್ನೂ ಅದುಮಿಡುತ್ತವೆ. ಆ ಸೋಂಕೂ ಇರುವವರು ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಯಕೃತ್ತಿನ ಉರಿಯೂತ ಕೆರಳಿ ಪ್ರಾಣಕ್ಕೇ ಬರಬಹುದು. ಎಚ್‌ಬಿಎಸ್‌ಎಜಿ (ಹೆಪಟೈಟಿಸ್ ಬಿ ಸೋಂಕು ಪತ್ತೆಯ) ಪರೀಕ್ಷೆ ಆಗಿದೆಯೇ ಎಂದು ಹಳೆಯ ಕಡತದಲ್ಲಿ ನೋಡಿಕೊಳ್ಳಿ. ಸೋಂಕೂ ಇಲ್ಲ, ರಕ್ಷಣೆಯೂ ಇಲ್ಲ ಎಂದಾದರೆ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಿ.

ಉತ್ತರ 3

ಹದಿನಾಲ್ಕು ವರ್ಷಗಳಿಂದ ಮಾತ್ರೆಯ ಮೇಲಿರುವವನಾಗಿ ಬರೆಯುತ್ತಿದ್ದೇನೆ. ನನ್ನ ಮಟ್ಟಿಗೆ ಬಿಡುಗಡೆ ಸಿಕ್ಕದ್ದು 2019ರಲ್ಲಿ, ‘ಪಾರ್ಟ್‌ನರ್’ ಅಧ್ಯಯನದ ಎರಡನೆಯ ಹಂತದ ಫಲಿತಾಂಶವನ್ನು ಓದಿದ ದಿನ. ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ 782 ಪುರುಷ ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 76,000 ಬಾರಿ ಕೂಡಿದ್ದರೂ, ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ಒಬ್ಬರಿಗೂ ಸೋಂಕು ದಾಟಿರಲಿಲ್ಲ. ಆ ಸೊನ್ನೆಗಾಗಿಯೇ ನಾನು ಮಾತ್ರೆ ನುಂಗುತ್ತೇನೆ ಎಂದರೂ ತಪ್ಪಿಲ್ಲ. (ಸಿಫಿಲಿಸ್, ಗೊನೊರಿಯಾಗಳಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ.)

ಡೊಲುಟೆಗ್ರಾವಿರ್ ಇರುವುದರಿಂದ ಒಂದು ಮಾತು: ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಇದರೊಡನೆ ನುಂಗಿದರೆ ಔಷಧ ಅದಕ್ಕೆ ಅಂಟಿಕೊಂಡು ಸರಿಯಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ಎರಡನ್ನೂ ತೆಗೆದುಕೊಳ್ಳಬಹುದು. ಇಲ್ಲವಾದರೆ ಡೊಲುಟೆಗ್ರಾವಿರ್ ಅವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಇರಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಎಚ್‌ಬಿಎಸ್‌ಎಜಿ ವರದಿ ಕಡತದಲ್ಲಿಲ್ಲ, ಮುಂದಿನ ಭೇಟಿಯಲ್ಲಿ ಕೇಳುತ್ತೇನೆ. ಕಬ್ಬಿಣದ ಮಾತ್ರೆಯನ್ನು ಒಂದು ತಿಂಗಳಿಂದ ಊಟವಾಗಿ ಎಷ್ಟೋ ಹೊತ್ತಾದ ಮೇಲೆ, ಒಂಬತ್ತರ ಮಾತ್ರೆಯ ಜೊತೆಗೇ ನುಂಗುತ್ತಿದ್ದೆ. ನಾಳೆಯಿಂದ ಅದನ್ನು ಮಧ್ಯಾಹ್ನಕ್ಕೆ ಬದಲಿಸುತ್ತೇನೆ.