ಅಪ್‌ಡೇಟ್: ಹಳೇ ಆಪ್ಟಿಪ್ಲೆಕ್ಸ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆ

ನೆನಪಿದೆ ಅಲ್ವಾ? ನನ್ನ ಕಂಪ್ಯೂಟರ್ ಡೆಲ್ ಆಪ್ಟಿಪ್ಲೆಕ್ಸ್ 9020 ಮಿನಿ ಟವರ್, ಐ5-4590 ಪ್ರೊಸೆಸರ್. ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬ) ಬದಲಿಸದೆ ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬಹುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕೊನೆಗೆ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650 ತಗೊಂಡೆ, 4 ಜಿಬಿಯದು. ನನ್ನ ಕಂಪ್ಯೂಟರಿನ ಎಸ್‌ಎಂಪಿಎಸ್ 290 ವ್ಯಾಟ್, ಅದರಲ್ಲಿ ಕಾರ್ಡಿಗೆ ಹೆಚ್ಚುವರಿ ಕರೆಂಟ್ ಕೊಡೋ 6 ಪಿನ್ ವೈರೇ ಇಲ್ಲ. ಕಾರ್ಡ್ ಕೂರಿಸೋ ಸ್ಲಾಟ್‌ನಿಂದ ಸಿಗೋದು 75 ವ್ಯಾಟ್ ಮಾತ್ರ. 1650ರಲ್ಲೂ ಕೆಲವು ಮಾಡೆಲ್‌ಗಳಿಗೆ 6 ಪಿನ್ ಬೇಕು, ಹಾಗಾಗಿ ಕಾರ್ಡನ್ನು ತಿರುಗಿಸಿ, ಅಂಚಿನಲ್ಲಿ ಆ ಸಾಕೆಟ್ ಇಲ್ಲ ಅಂತ ನೋಡಿಯೇ ದುಡ್ಡು ಕೊಟ್ಟೆ.

ಆರ್‌ಎಕ್ಸ್ 6400 ಅನ್ನೋ ಇನ್ನೊಂದು ಕಾರ್ಡ್ ಬೇಡ ಅಂದವರ ಮಾತು ಸರಿ. ಬೋರ್ಡಿನ ಜೊತೆ ಡೇಟಾ ಸಾಗಿಸೋಕೆ ಅದು ಬಳಸೋದು ನಾಲ್ಕೇ ಲೇನ್ (ದಾರಿ). ನನ್ನ ಬೋರ್ಡ್ ಪಿಸಿಐಇ 3.0 (ಸ್ಲಾಟಿನ ಹಳೇ ತಲೆಮಾರು), ಅಲ್ಲಿ ವೇಗ ಇನ್ನೂ ತಗ್ಗುತ್ತದೆ. ಎಡಿಟ್ ಮಾಡಿದ ವಿಡಿಯೊವನ್ನು ಬೇಗ ಫೈಲ್ ಮಾಡಿಕೊಡೋ ಎನ್‌ಕೋಡರ್ ಕೂಡ ಅದರಲ್ಲಿ ಇಲ್ಲ. ನನಗೆ ಎಡಿಟಿಂಗೇ ಮುಖ್ಯ.

ಕಾರ್ಡ್ ಸಲೀಸಾಗಿ ಕೂತಿತು. ಮಾನಿಟರ್ ಕೇಬಲನ್ನು ಬೋರ್ಡಿನಿಂದ ಕಿತ್ತು ಕಾರ್ಡಿಗೆ ಹಾಕಿ, ಡ್ರೈವರ್ ಇನ್‌ಸ್ಟಾಲ್ ಮಾಡಿದೆ, ಅಷ್ಟೇ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಸೈಕಲ್ಸ್ ರೆಂಡರ್ (ದೃಶ್ಯದಿಂದ ಅಂತಿಮ ಚಿತ್ರ ತೆಗೆಯೋ ಕೆಲಸ) ಈಗ ಕಾರ್ಡಿನ ಮೇಲೇ ಓಡುತ್ತದೆ, ನೋಡಿ ಖುಷಿಯಾಯಿತು! ದೊಡ್ಡ ಟೆಕ್ಸ್ಚರ್ (ಮೇಲ್ಮೈಗೆ ಹಚ್ಚೋ ಚಿತ್ರ) ಹಾಕಿದರೆ ಮಾತ್ರ ಕಾರ್ಡಿನ 4 ಜಿಬಿ ಮೆಮೊರಿ ಸಾಲದು. ಹೊಸ ಗೇಮ್‌ಗಳಲ್ಲಿ ಪ್ರೊಸೆಸರ್ 100%ಗೆ ಹೋಗಿ ಆಟ ತಡವರಿಸುತ್ತದೆ. ಇದೇ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಕಾರ್ಡ್ ಹಾಕೋದು ಸುಮ್ನೆ ದುಡ್ಡು ದಂಡ.

ಮುಂದೆ ರ‍್ಯಾಮ್ 16 ಜಿಬಿ ಮಾಡಿಸಬೇಕು. ಡಿಡಿಆರ್3 ಸ್ಟಿಕ್ ಒಳ್ಳೇದು ಎಲ್ಲಿ ಸಿಗುತ್ತೆ, ಗೊತ್ತಿದ್ದರೆ ಹೇಳಿ.