ನಡೆಯುತ್ತಿರುವ ಸೂಪರ್‌ಹೀರೋ ಸರಣಿಯ ಒಂದೇ ಸಂಚಿಕೆಯನ್ನು ಅಳೆಯುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ, ಮೈಸೂರಿನಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಪತ್ರಿಕೆಗೆ ತಿಂಗಳಿಗೊಂದು ಕಾಮಿಕ್ ಸಂಚಿಕೆಯ ವಿಮರ್ಶೆ ಬರೆಯಲು ಒಪ್ಪಿಕೊಂಡಿದ್ದೇನೆ. ಇಡೀ ಪುಸ್ತಕವಾಗಿದ್ದರೆ ಹೇಗೋ ಬರೆಯುತ್ತಿದ್ದೆ. ಇದು ಇಪ್ಪತ್ತೇ ಪುಟ. ಕಥೆ ಎಲ್ಲೋ ಶುರುವಾಗಿದೆ, ಇನ್ನೆಲ್ಲೋ ಮುಗಿಯುತ್ತದೆ. ನಡುವಿನ ಒಂದು ತುಂಡನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಲು ಆಧಾರವೇನು? ಹಿಂದಿನದೆಲ್ಲ ಓದಿರಲೇಬೇಕೇ? ಚಿತ್ರಕಲೆ ನನಗೆ ಗೊತ್ತಿಲ್ಲ, ಚಿತ್ರದ ಬಗ್ಗೆ ಏನು ಬರೆಯಲಿ?

ಬೆಂಗಳೂರಿನಿಂದ:

ಈ ಬರವಣಿಗೆ ಬಹಳ ಕಾಲದಿಂದ ಮಾಡುತ್ತಿದ್ದೇನೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಸುಧಾ, ತರಂಗಗಳಲ್ಲಿ ಧಾರಾವಾಹಿ ಓದುತ್ತಿದ್ದ ಮನೆಗಳಲ್ಲಿ ಪ್ರತಿ ವಾರ ಇಂಥದೇ ತೀರ್ಪು ನಡೆಯುತ್ತಿತ್ತು. ‘ಈ ವಾರ ಚೆನ್ನಾಗಿತ್ತು’, ‘ಈ ವಾರ ಸುಮ್ಮನೆ ಎಳೆದಿದ್ದಾರೆ’. ಕಾದಂಬರಿ ಮುಗಿಯಲಿ, ಆಮೇಲೆ ಹೇಳೋಣ ಎಂದು ಯಾರೂ ಕಾಯುತ್ತಿರಲಿಲ್ಲ. ಆ ಕಂತು ತನ್ನ ಪುಟಗಳಲ್ಲಿ ಏನು ಕೊಟ್ಟಿತು ಎಂಬುದೇ ಅಳತೆಯಾಗಿತ್ತು. ಕಾಮಿಕ್ ಸಂಚಿಕೆಗೂ ಅದೇ ಸಾಕು.

‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 33ನೇ ಸಂಚಿಕೆಯನ್ನೇ ನೋಡಿ, 1966ರದ್ದು. ಮೂರು ಸಂಚಿಕೆಗಳ ಕಥೆಯ ಕೊನೆಯ ಭಾಗ. ಸ್ಪೈಡರ್-ಮ್ಯಾನ್ ಆಗಿರುವ ಪೀಟರ್ ಹಿಂದೊಮ್ಮೆ ಕೊಟ್ಟ ರಕ್ತದಲ್ಲಿದ್ದ ವಿಕಿರಣದಿಂದಾಗಿಯೇ ಅವನನ್ನು ಸಾಕಿದ ದೊಡ್ಡಮ್ಮ ಮೇ ಸಾಯುವ ಸ್ಥಿತಿಯಲ್ಲಿದ್ದಾಳೆ. ಔಷಧಿ ಕಣ್ಣೆದುರೇ ಬಿದ್ದಿದೆ, ಆದರೆ ಅವನು ಬೃಹತ್ ಯಂತ್ರವೊಂದರ ಅಡಿಯಲ್ಲಿ ಸಿಕ್ಕಿಕೊಂಡಿದ್ದಾನೆ, ಮೇಲಿಂದ ನೀರು ಸೋರುತ್ತಿದೆ. ಇಷ್ಟಕ್ಕೆ ಹಿಂದಿನ ಸಂಚಿಕೆ ನಿಂತಿತ್ತು. 33ರಲ್ಲಿ ಚಿತ್ರಕಾರ ಸ್ಟೀವ್ ಡಿಟ್ಕೊ ಆ ಯಂತ್ರವನ್ನು ಎತ್ತುವುದಕ್ಕೇ ಮೊದಲ ಐದು ಪುಟ ಕೊಟ್ಟಿದ್ದಾರೆ. ಪುಟದ ಚಿತ್ರಚೌಕಗಳು ಬರಬರುತ್ತಾ ದೊಡ್ಡದಾಗುತ್ತವೆ, ಕೊನೆಗೆ ಇಡೀ ಪುಟವೇ ಒಂದು ಚಿತ್ರವಾಗುವ ಹೊತ್ತಿಗೆ ಯಂತ್ರ ಮೇಲೆದ್ದಿರುತ್ತದೆ. ಕಥಾಸಾರಾಂಶ ಬರೆದರೆ ಇದೆಲ್ಲ ಒಂದು ವಾಕ್ಯ: ‘ಅವನು ಯಂತ್ರ ಎತ್ತಿ ಹೊರಬಂದ’. ಅದಕ್ಕೇ ಹೇಳುವುದು, ವಿಮರ್ಶೆಯ ಅರ್ಧವನ್ನು ಸಾರಾಂಶಕ್ಕೆ ಕೊಡಬೇಡಿ. ಈ ಇಪ್ಪತ್ತು ಪುಟಗಳನ್ನು ಯಾವುದಕ್ಕೆ ಖರ್ಚು ಮಾಡಿದ್ದಾರೆ, ಆ ಖರ್ಚು ಸರಿಯೇ ಎಂದು ನೋಡಿ.

ಹಿಂದಿನದೆಲ್ಲ ಓದಿರಬೇಕೇ ಎಂದಿರಿ. ಅರವತ್ತು ವರ್ಷದ ಸರಣಿಯನ್ನು ಯಾರೂ ಪೂರ್ತಿ ಓದಿರುವುದಿಲ್ಲ. ಈಗ ನಡೆಯುತ್ತಿರುವ ಕಥೆ ಶುರುವಾದ ಸಂಚಿಕೆಯಿಂದ ಓದಿ, ಎಲ್ಲಿಂದ ಓದಿದ್ದೀರೆಂದು ಒಂದು ಸಾಲು ಬರೆದುಬಿಡಿ. ಈಚಿನ ಮಾರ್ವೆಲ್ ಸಂಚಿಕೆಗಳ ಆರಂಭದಲ್ಲಿ ಹಿಂದಿನ ಕಥೆಯ ಸಾರ ಇರುತ್ತದೆ, ಅದೂ ಸಹಾಯಕ್ಕೆ ಬರುತ್ತದೆ. ಇದರ ಮೇಲೆ ಒಂದು ಅಂತರ ಗಮನಿಸಿ. ‘ಈ ಮನುಷ್ಯ ಯಾರೋ ಗೊತ್ತಾಗಲಿಲ್ಲ’ ಎನ್ನುವುದು ಸಂಚಿಕೆಯ ದೋಷವಲ್ಲ. ‘ಇವನಿಗೆ ಇಷ್ಟು ಸಂಕಟ ಯಾಕೆಂದು ಈ ಪುಟಗಳಿಂದ ಗೊತ್ತಾಗಲಿಲ್ಲ’ ಎನ್ನುವುದು ಖಂಡಿತ ದೋಷ.

ಕಥೆ ಮುಗಿಯಲಿಲ್ಲವೆಂದು ಅಂಕ ಕಡಿಯುವುದು ಅನ್ಯಾಯ. ಆದರೆ ಮುಂದೆ ಒಟ್ಟು ಸಂಪುಟವಾಗಿ ತರುವ ಲೆಕ್ಕದಲ್ಲಿ ಮೂರು ಸಂಚಿಕೆಯ ಕಥೆಯನ್ನು ಆರಕ್ಕೆ ಹಿಗ್ಗಿಸಿದ್ದರೆ ಅದನ್ನು ನೇರವಾಗಿ ಬರೆಯಿರಿ. ದುಡ್ಡು ಕೊಟ್ಟು ತಿಂಗಳಿಡೀ ಕಾದ ಓದುಗನ ಪರವಾಗಿ ಮಾತಾಡುವವರು ನೀವೇ.

ಗದಗದಿಂದ:

ಚಿತ್ರ ತಗಿಯಾಕ ಬರಬೇಕಂತ ಏನಿಲ್ರಿ, ನೋಡಾಕ ಬಂದ್ರ ಸಾಕು. ನಿಮ್ಮ ಕಣ್ಣು ಎಲ್ಲಿಂದ ಎಲ್ಲಿಗೆ ಹೋತು, ಎಲ್ಲಿ ನಿಂತಿತು, ಯಾವ ಹೊಡೆದಾಟದಾಗ ಯಾರು ಯಾರಿಗೆ ಹೊಡದ್ರು ಅಂತ ತಿಳೀಲಿಲ್ಲ, ಅಷ್ಟು ಬರೀರಿ. 2012ರ ಬ್ಯಾಟ್‌ಮ್ಯಾನ್ 5ನೇ ಸಂಚಿಕೆ ಓದೀರೇನು? ಕಥಿ ಸ್ಕಾಟ್ ಸ್ನೈಡರ್, ಚಿತ್ರ ಗ್ರೆಗ್ ಕಪುಲ್ಲೊ. ‘ಗೂಬೆಗಳ ಕೂಟ’ ಅನ್ನೋ ಗುಪ್ತ ಗುಂಪಿನವರು ಕಟ್ಟಿದ ಚಕ್ರವ್ಯೂಹದಾಗ ಬ್ಯಾಟ್‌ಮ್ಯಾನ್ ದಿನಗಟ್ಟಲೆ ಸಿಕ್ಕೊಂಡಾನ, ಬುದ್ಧಿ ಹಿಡಿತ ತಪ್ಪಾಕತ್ತೈತಿ. ಅದು ತಪ್ಪಿದಂಗೆಲ್ಲ ಪುಟ ಅಡ್ಡ ಆಗತೈತಿ, ಆಮ್ಯಾಲೆ ತಲಿಕೆಳಗ. ಪುಸ್ತಕ ತಿರುಗಿಸ್ಕೋತ ಓದಬೇಕು, ಯಾವ ಕಡೆಯಿಂದ ಹಿಡದೀವಿ ಅನ್ನೂದ ಮರೀತೈತಿ. ಟ್ಯಾಬ್ಲೆಟ್‌ನಾಗ ಓದೋರು ಸ್ಕ್ರೀನ್ ತಾನಾಗೇ ತಿರುಗೂದನ್ನ ಮೊದಲ ಬಂದ್ ಮಾಡ್ರಿ, ಇಲ್ಲಂದ್ರ ಆ ಸಂಚಿಕೆ ನಿಮಗ ಸಿಗೂದs ಇಲ್ಲ.

ಮಂಗಳೂರಿನಿಂದ:

ನಾನು ಪುಟವಿನ್ಯಾಸದ ಕೆಲಸ ಮಾಡುವವಳು. ವಿಮರ್ಶೆಗಳಲ್ಲಿ ಬರಹಗಾರರ ಹೆಸರು, ಚಿತ್ರಕಾರರ ಹೆಸರು ಬರುತ್ತದೆ. ಬಣ್ಣ ತುಂಬಿದವರು, ಅಕ್ಷರ ಕೂರಿಸಿದವರು ಬರುವುದೇ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಬಿಲ್ಲುಗಾರ ನಾಯಕನ ‘ಹಾಕೈ’ ಸರಣಿಯ 11ನೇ ಸಂಚಿಕೆ (2013) ಓದಿದವರು ಅಕ್ಷರವನ್ನು ಮರೆಯಲು ಸಾಧ್ಯವಿಲ್ಲ. ಇಡೀ ಸಂಚಿಕೆ ಒಂದು ನಾಯಿಯ ಕಣ್ಣು, ಮೂಗುಗಳಿಂದ ನಡೆಯುತ್ತದೆ. ಮನುಷ್ಯರ ಮಾತಿನ ಗುಳ್ಳೆಗಳಲ್ಲಿ ನಾಯಿಗೆ ಗೊತ್ತಿರುವ ಕೆಲವೇ ಪದಗಳು ಸ್ಪಷ್ಟ, ಉಳಿದದ್ದೆಲ್ಲ ಅಳಿಸಿದಂತೆ. ಪ್ರತಿ ಮನುಷ್ಯನ ಸುತ್ತ ಅವನ ವಾಸನೆಗಳು ಸಣ್ಣ ಸಣ್ಣ ಚಿಹ್ನೆಗಳಾಗಿ ನಕ್ಷೆಯ ಹಾಗೆ ಹರಡಿರುತ್ತವೆ. ಬರೆದದ್ದು ಮ್ಯಾಟ್ ಫ್ರ್ಯಾಕ್ಷನ್, ಚಿತ್ರ ಡೇವಿಡ್ ಆಹಾ, ಬಣ್ಣ ಮ್ಯಾಟ್ ಹಾಲಿಂಗ್ಸ್‌ವರ್ತ್, ಅಕ್ಷರ ಕ್ರಿಸ್ ಎಲಿಯೊಪೌಲೊಸ್. ಸರಣಿಯಲ್ಲಿ ಆಗಲೇ ನಡೆದಿದ್ದ ಒಂದು ಕೊಲೆಯ ಸುತ್ತಲೇ ಕಥೆ ಇದೆ, ಆದರೂ ಹಿಂದಿನದು ಓದದವರಿಗೂ ನಾಯಿಯ ದುಃಖ ಮುಟ್ಟುತ್ತದೆ. 2014ರಲ್ಲಿ ಅಮೆರಿಕದ ಕಾಮಿಕ್ ಪ್ರಶಸ್ತಿಯಾದ ಐಸ್ನರ್‌ನಲ್ಲಿ ಬಿಡಿ ಸಂಚಿಕೆಗೆಂದೇ ಇರುವ ಪ್ರಶಸ್ತಿ ಇದಕ್ಕೆ ಬಂತು. ಸಂಚಿಕೆಯೊಂದನ್ನು ಪ್ರತ್ಯೇಕವಾಗಿ ಅಳೆಯಬಹುದೇ ಎಂಬ ನಿಮ್ಮ ಅನುಮಾನಕ್ಕೆ ನಾನು ಕೊಡುವ ಉತ್ತರ ಈ ಸಂಚಿಕೆಯೇ.

ಮತ್ತೊಂದು ವಿಷಯ. ಮುದ್ರಿತ ಪುಸ್ತಕದಲ್ಲಿ ಅಚ್ಚರಿಯ ಚಿತ್ರವನ್ನು ಸಾಮಾನ್ಯವಾಗಿ ಪುಟ ತಿರುಗಿಸಿದೊಡನೆ ಸಿಗುವ ಎಡಪುಟದಲ್ಲಿಡುತ್ತಾರೆ. ಫೋನಿನಲ್ಲಿ ಚೌಕ ಚೌಕವಾಗಿ ಓದಿದರೆ ಆ ಯೋಜನೆಯೇ ಕಾಣುವುದಿಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹೋದಾಗ ಹಳೆ ಪುಸ್ತಕದ ಅಂಗಡಿಗಳಲ್ಲಿ ಬಿಡಿ ಸಂಚಿಕೆ ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ.

ಶಿವಮೊಗ್ಗದಿಂದ:

ಗುಟ್ಟು ಬಿಟ್ಟುಕೊಡುವ ವಿಷಯ ಯಾರೂ ಎತ್ತಲಿಲ್ಲ. 1973ರ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 121ರಲ್ಲಿ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿ ಸಾಯುತ್ತಾಳೆ. ಕಥೆಯ ಶೀರ್ಷಿಕೆಯೇ ಆ ಸಾವನ್ನು ಹೇಳಿಬಿಡುತ್ತದೆಂದು ಅದನ್ನು ಮೊದಲ ಪುಟದಲ್ಲಿ ಹಾಕದೆ ಕೊನೆಯ ಪುಟಕ್ಕೆ ಒಯ್ದರು. ಓದುಗನಿಗೆ ಏನು ಗೊತ್ತಿಲ್ಲ ಎಂಬುದನ್ನೂ ಅವರು ರಚನೆಯ ಭಾಗವಾಗಿ ಕಂಡಿದ್ದಾರೆ, ನಾವು ಅದನ್ನು ಕೆಡಿಸಬಾರದು. ಹೊಸ ಸಂಚಿಕೆಯಾದರೆ ಆ ಘಟನೆ ಹೇಳದೆಯೇ, ಅದಕ್ಕೆ ಹೇಗೆ ಸಿದ್ಧಮಾಡಿದರು ಎಂದು ಬರೆಯಬಹುದು.

ಅದೇ ಸಂಚಿಕೆಯಲ್ಲಿ ಸೇತುವೆಯಿಂದ ಬೀಳುತ್ತಿದ್ದ ಅವಳನ್ನು ಸ್ಪೈಡರ್-ಮ್ಯಾನ್‌ನ ಬಲೆ ಹಿಡಿದ ಕ್ಷಣ ಕತ್ತಿನ ಪಕ್ಕ ಒಂದು ಸಣ್ಣ ಶಬ್ದ ಬರೆದಿದೆ, ಎಲುಬು ಮುರಿದ ಸದ್ದು. ಹಾಗಾದರೆ ಕೊಂದದ್ದು ಬಿದ್ದ ರಭಸವೋ, ಉಳಿಸಲು ಹಾಕಿದ ಬಲೆಯ ಜಗ್ಗೋ? ಬಲೆಯ ಜಗ್ಗೇ ಎಂದು ಸಂಪಾದಕ ರಾಯ್ ಥಾಮಸ್ 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಹೇಳಿದರು. ಆ ತಿಂಗಳೇ ವಿಮರ್ಶೆ ಬರೆದವರಿಗೆ ಇದು ಗೊತ್ತಿರಲು ಸಾಧ್ಯವಿಲ್ಲ. ಆದರೆ ಆ ಶಬ್ದವನ್ನು ಕಂಡು, ಇದು ಇಲ್ಲೇಕೆ ಎಂದು ಕೇಳಬಹುದಿತ್ತು. ಮುಂದೇನಾಗುತ್ತದೆ ಎಂದು ಭವಿಷ್ಯ ಹೇಳುವ ಬದಲು ಇಂಥ ಪ್ರಶ್ನೆಗಳನ್ನು ಬರೆದಿಡಿ. ಅಂದಹಾಗೆ ಅಲ್ಲಿ ಮಾತು ಜಾರ್ಜ್ ವಾಷಿಂಗ್ಟನ್ ಸೇತುವೆ ಎನ್ನುತ್ತದೆ, ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆ. ಇಂಥ ತಪ್ಪಿಗೆ ಒಂದು ಸಾಲು ಸಾಕು.

ಮತ್ತೆ ಮೈಸೂರಿನಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ಇನ್ನೆರಡು ಕೇಳಲೇ? ಹತ್ತಾರು ಸರಣಿಗಳನ್ನು ಸೇರಿಸಿ ನಡೆಸುವ ದೊಡ್ಡ ಕಥೆಯ ನಡುವೆ ಬಂದ ಸಂಚಿಕೆಯಾದರೆ? ಹಾಗೇ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಡಬೇಕೇ?

ಬೆಂಗಳೂರಿನಿಂದ:

ಅಂಥ ಕಡೆ ಬರಹಗಾರರ ಕೈ ಅರ್ಧ ಕಟ್ಟಿರುತ್ತದೆ, ಮುಖ್ಯ ಘಟನೆ ಇನ್ನೊಂದು ಪುಸ್ತಕದಲ್ಲಿ ನಡೆದುಹೋಗುತ್ತದೆ. ಉಳಿದ ಜಾಗದಲ್ಲಿ ಏನು ಮಾಡಿದರು ಎಂದು ನೋಡಿ. 2006ರ ‘ಸಿವಿಲ್ ವಾರ್’ ಎರಡನೇ ಸಂಚಿಕೆಯಲ್ಲಿ ಪೀಟರ್ ಪತ್ರಕರ್ತರ ಮುಂದೆ ಮುಖವಾಡ ತೆಗೆಯುತ್ತಾನೆ. ಅವನ ಸ್ವಂತ ಸರಣಿಯ 532ನೇ ಸಂಚಿಕೆ ಆ ವೇದಿಕೆಗೆ ಹೋಗುವ ಮೊದಲಿನ ಮಾತುಕತೆಯನ್ನು ಹಿಡಿಯುತ್ತದೆ, ಹೆಂಡತಿ ಮೇರಿ ಜೇನ್ ಮತ್ತು ಮೇ ಜೊತೆಗಿನದು. ದೊಡ್ಡ ಕಥೆಯಲ್ಲಿ ಜಾಗವಿಲ್ಲದ ಮನೆಯ ಮಾತಿಗೆ ಇಲ್ಲಿ ಜಾಗ ಸಿಕ್ಕಿತು. ಅದೂ ಇಲ್ಲದೆ ಸುಮ್ಮನೆ ಆಚೆ ಪುಸ್ತಕದ ಜಾಹೀರಾತಾಗಿದ್ದರೆ ಹಾಗೆಂದೇ ಬರೆಯಿರಿ.

ಅಂಕ ಬೇಡ ಎಂಬುದು ನನ್ನ ಮಾತು. ಪತ್ರಿಕೆಯವರು ಬೇಕೇ ಬೇಕೆಂದರೆ ಅದೇ ಸರಣಿಯ ಹಿಂದಿನ ಕೆಲವು ಸಂಚಿಕೆಗಳ ಜೊತೆ ಹೋಲಿಸಿ ಕೊಡಿ, 33 ಅಥವಾ 121ರ ಜೊತೆ ಬೇಡ. ಮೊದಲ ಲೇಖನಕ್ಕೆ ಯಾವುದಾದರೂ ಕಥೆಯ ಎರಡನೇ ಭಾಗವನ್ನೇ ಆರಿಸಿಕೊಳ್ಳಿ, ಕಷ್ಟ ಇರುವುದು ಅಲ್ಲೇ. ಬರೆದಾದ ಮೇಲೆ ಇಲ್ಲಿ ಹಾಕಿ, ನಾವೆಲ್ಲ ಓದಿ ಹೇಳುತ್ತೇವೆ.